ನಂದಿಬೆಟ್ಟದ ಕೇಸರಿ ಆಕಾಶಕ್ಕೂ ಎಐ ಲೇಬಲ್ ಬೇಕಾ?

ಕೃತಕವಾಗಿ ತಯಾರಾದ ಚಿತ್ರ, ವಿಡಿಯೊ, ಧ್ವನಿಗೆ ಲೇಬಲ್ ಇರಲೇಬೇಕು ಎನ್ನುವ ಕೇಂದ್ರ ಸರ್ಕಾರದ ನಿಯಮ 2026ರ ಫೆಬ್ರುವರಿ 20ರಿಂದ ಜಾರಿಯಲ್ಲಿದೆ. ಸುದ್ದಿ ಬಂದಾಗಿನಿಂದ ಕ್ಯಾಮೆರಾ ಹಿಡಿದವರಿಗೆ ಗೊಂದಲ ಶುರುವಾಗಿದೆ. ಸ್ಕಂದಗಿರಿಯ ಮೋಡದ ಫೋಟೊಗೆ ಸ್ವಲ್ಪ ಕಾಂಟ್ರಾಸ್ಟ್ ಕೊಟ್ಟರೆ ಅದು ಕೃತಕವಾ? ಮದುವೆ ಆಲ್ಬಂನಲ್ಲಿ ಮುಖದ ಮೊಡವೆ ತೆಗೆದರೆ ಲೇಬಲ್ ಹಾಕಬೇಕಾ? ದೇವರಾಯನದುರ್ಗದ ಸಂಜೆಗೆ ಬೇರೆ ಆಕಾಶ ಅಂಟಿಸಿದರೆ?

ಈ ಮೂರನ್ನೂ ನಾವು ‘ಎಡಿಟಿಂಗ್’ ಎಂದೇ ಕರೆಯುತ್ತೇವೆ. ಗೊಂದಲದ ಬೇರು ಇರುವುದು ಇಲ್ಲೇ. ಕೆಲಸಗಳು ಬೇರೆ ಬೇರೆ, ಹೆಸರು ಮಾತ್ರ ಒಂದೇ.

## ನಿಯಮದಲ್ಲಿ ಇರುವುದೇನು

ಇದು ಹೊಸ ಕಾನೂನಲ್ಲ. 2021ರ ಮಾಹಿತಿ ತಂತ್ರಜ್ಞಾನ ನಿಯಮಗಳಿಗೆ ಮಾಡಿದ ತಿದ್ದುಪಡಿ. ಮೊದಲ ಕರಡು ಹೊರಬಂದದ್ದು 2025ರ ಅಕ್ಟೋಬರ್ 22ರಂದು. ಆ ಕರಡು ತುಂಬಾ ವಿಶಾಲವಾಗಿತ್ತು. ಕಂಪ್ಯೂಟರ್ ಬಳಸಿ ಬದಲಾಯಿಸಿದ, ನೋಡಿದರೆ ನಿಜ ಎನಿಸುವ ಯಾವ ಚಿತ್ರವಾದರೂ ಅದರ ವ್ಯಾಪ್ತಿಗೆ ಬರುವಂತಿತ್ತು. ಚಿತ್ರದ ಕನಿಷ್ಠ 10 ಶೇಕಡಾ ಜಾಗದಲ್ಲಿ ಲೇಬಲ್ ಕಾಣಬೇಕು ಎಂದೂ ಹೇಳಿತ್ತು. ನಂದಿಬೆಟ್ಟದ ಫೋಟೊದ ಹತ್ತನೇ ಒಂದು ಭಾಗ ಲೇಬಲ್‌ಗೇ ಹೋದರೆ ಉಳಿಯುವುದೇನು ಎಂದು ಛಾಯಾಗ್ರಾಹಕರು ಹೆದರಿದ್ದು ಸಹಜ.

2026ರ ಫೆಬ್ರುವರಿ 10ರಂದು ಪ್ರಕಟವಾದ ಅಂತಿಮ ನಿಯಮ ಇದಕ್ಕಿಂತ ಸಾಕಷ್ಟು ಬೇರೆಯಾಗಿದೆ. 10 ಶೇಕಡಾ ಷರತ್ತು ಹೋಗಿದೆ. ಲೇಬಲ್ ಎದ್ದು ಕಾಣಬೇಕು ಎನ್ನುವುದು ಮಾತ್ರ ಉಳಿದಿದೆ. ಲೇಬಲ್ ಯಾವುದಕ್ಕೆ ಬೇಕು ಎನ್ನುವುದೂ ಕಿರಿದಾಗಿದೆ. ಒಬ್ಬ ವ್ಯಕ್ತಿಯನ್ನೋ ಒಂದು ಘಟನೆಯನ್ನೋ ನಿಜವೆಂದೇ ನಂಬುವ ಹಾಗೆ ಕೃತಕವಾಗಿ ಸೃಷ್ಟಿಸಿದ ಅಥವಾ ಮಾರ್ಪಡಿಸಿದ ಚಿತ್ರ ಅದರ ಗುರಿ. ಫೋಟೊಗ್ರಾಫರ್‌ಗಳು ಓದಲೇಬೇಕಾದ ಭಾಗ ಇದರ ನಂತರ ಬರುತ್ತದೆ. ಒಳ್ಳೆಯ ಉದ್ದೇಶದಿಂದ ಮಾಡುವ ದಿನನಿತ್ಯದ ಎಡಿಟಿಂಗ್, ಬಣ್ಣದ ಹೊಂದಾಣಿಕೆ, ನಾಯ್ಸ್ (ಚಿತ್ರದಲ್ಲಿ ಮರಳಿನಂತೆ ಕಾಣುವ ಬೇಡದ ಚುಕ್ಕೆಗಳು) ಕಡಿಮೆ ಮಾಡುವುದು, ತಾಂತ್ರಿಕ ದೋಷ ಸರಿಪಡಿಸುವುದು, ಫೈಲ್ ಕುಗ್ಗಿಸುವುದು ಇವೆಲ್ಲ ಲೇಬಲ್‌ನಿಂದ ಹೊರಗೆ. ಷರತ್ತು ಇಷ್ಟೇ: ಚಿತ್ರದ ಹುರುಳು, ಸಂದರ್ಭ, ಅರ್ಥ ಗಣನೀಯವಾಗಿ ಬದಲಾಗಿರಬಾರದು.

ಹಾಗಾಗಿ ಸ್ಕಂದಗಿರಿ ಮೋಡಕ್ಕೆ ಕಾಂಟ್ರಾಸ್ಟ್ ಕೊಟ್ಟವರು ನೆಮ್ಮದಿಯಾಗಿರಬಹುದು. ಆದರೆ ‘ಗಣನೀಯವಾಗಿ’ ಎನ್ನುವ ಒಂದು ಪದದ ಮೇಲೆ ಎಲ್ಲವೂ ನಿಂತಿದೆ. ಆ ಪದಕ್ಕೆ ಅಳತೆಗೋಲು ಎಲ್ಲಿಂದ ತರುವುದು? ಅದಕ್ಕೆ ಫೋಟೊ ಹೇಗೆ ತಯಾರಾಗುತ್ತದೆ ಎಂಬಲ್ಲಿಂದ ಶುರು ಮಾಡಬೇಕು.

## ‘ಎಡಿಟ್ ಮಾಡದ ಫೋಟೊ’ ಎನ್ನುವುದು ಇದೆಯಾ?

ಡಿಜಿಟಲ್ ಕ್ಯಾಮೆರಾದಲ್ಲಿ ಅಂಥದ್ದೊಂದು ಇಲ್ಲ.

ಕ್ಯಾಮೆರಾದೊಳಗಿನ ಸೆನ್ಸರ್‌ಗೆ ಬಣ್ಣ ಗೊತ್ತಾಗುವುದಿಲ್ಲ. ಎಷ್ಟು ಬೆಳಕು ಬಿತ್ತು ಎನ್ನುವುದಷ್ಟೇ ಗೊತ್ತು. ಅದಕ್ಕೇ ಒಂದೊಂದು ಪಿಕ್ಸೆಲ್ ಮೇಲೂ ಕೆಂಪು, ಹಸಿರು ಅಥವಾ ನೀಲಿಯ ಒಂದು ಪುಟ್ಟ ಫಿಲ್ಟರ್ ಕೂರಿಸಿರುತ್ತಾರೆ. ಅರ್ಧದಷ್ಟು ಹಸಿರು, ಕಾಲು ಭಾಗ ಕೆಂಪು, ಕಾಲು ಭಾಗ ನೀಲಿ. ಕೊಡಾಕ್ ಕಂಪನಿಯ ಬ್ರೈಸ್ ಬೇಯರ್ 1976ರಲ್ಲಿ ಪೇಟೆಂಟ್ ಪಡೆದ ವ್ಯವಸ್ಥೆ ಇದು. ಇವತ್ತಿನ ಹೆಚ್ಚಿನ ಕ್ಯಾಮೆರಾ, ಫೋನ್‌ಗಳಲ್ಲಿ ಇದೇ ಇದೆ, ಇಲ್ಲವೇ ಇದರ ಯಾವುದೋ ರೂಪ ಇದೆ. ಅಂದರೆ ಪ್ರತಿ ಪಿಕ್ಸೆಲ್ ಮೂರರಲ್ಲಿ ಒಂದು ಬಣ್ಣವನ್ನು ಮಾತ್ರ ಅಳೆಯುತ್ತದೆ. ಉಳಿದ ಎರಡನ್ನು ಅಕ್ಕಪಕ್ಕದ ಪಿಕ್ಸೆಲ್ ನೋಡಿ ಲೆಕ್ಕ ಹಾಕಿ ತುಂಬುತ್ತಾರೆ. ‘ಒರಿಜಿನಲ್’ ಎಂದು ನಾವು ಹೇಳುವ ಫೋಟೊದಲ್ಲಿ ಬಣ್ಣದ ಮೂರನೇ ಎರಡು ಭಾಗ ಹೀಗೆ ಲೆಕ್ಕದಿಂದ ಬಂದದ್ದು.

ಈ ಕಚ್ಚಾ ಅಳತೆಗಳನ್ನು ಹಾಗೇ ಉಳಿಸಿದ ಫೈಲೇ ರಾ ಫೈಲ್. ಅದರಲ್ಲಿ ಸಾಮಾನ್ಯವಾಗಿ 12 ಇಲ್ಲವೇ 14 ಬಿಟ್ ಮಾಹಿತಿ ಇರುತ್ತದೆ. 14 ಬಿಟ್ ಎಂದರೆ ಒಂದು ಬಣ್ಣಕ್ಕೆ ಕಪ್ಪಿನಿಂದ ಬಿಳಿಯವರೆಗೆ 16,384 ಮೆಟ್ಟಿಲು. ಜೆಪೆಗ್ ಫೈಲ್‌ನಲ್ಲಿ ಇರುವುದು 8 ಬಿಟ್, ಅಂದರೆ 256 ಮೆಟ್ಟಿಲು. ರಾ ಫೈಲ್ ಕಣಜದಲ್ಲಿರುವ ರಾಗಿ ಇದ್ದ ಹಾಗೆ. ಜೆಪೆಗ್ ತಟ್ಟೆಗೆ ಬಂದ ಮುದ್ದೆ. ಮುದ್ದೆಯನ್ನು ಮತ್ತೆ ರಾಗಿ ಮಾಡಲು ಆಗುವುದಿಲ್ಲ.

‘ನಾನು ಎಡಿಟ್ ಮಾಡಲ್ಲ, ಕ್ಯಾಮೆರಾದಿಂದ ಬಂದದ್ದನ್ನೇ ಹಾಕ್ತೀನಿ’ ಎನ್ನುವವರ ಚಿತ್ರವನ್ನೂ ಯಾರೋ ಎಡಿಟ್ ಮಾಡಿರುತ್ತಾರೆ. ಕ್ಯಾಮೆರಾ ಕಂಪನಿಯ ಎಂಜಿನಿಯರ್ ಬರೆದ ಸೂತ್ರ ಜೆಪೆಗ್ ತಯಾರಾಗುವಾಗಲೇ ಕಾಂಟ್ರಾಸ್ಟ್, ಬಣ್ಣ, ಶಾರ್ಪ್‌ನೆಸ್ ಎಲ್ಲ ತೀರ್ಮಾನಿಸಿರುತ್ತದೆ. ಫೋನ್‌ಗಳಂತೂ ಇನ್ನೂ ಮುಂದೆ ಹೋಗಿವೆ. ಒಮ್ಮೆ ಬಟನ್ ಒತ್ತಿದರೆ ಅನೇಕ ಫ್ರೇಮ್ ತೆಗೆದು, ಒಂದರ ಮೇಲೊಂದು ಜೋಡಿಸಿ, ಒಂದು ಚಿತ್ರ ಕೊಡುತ್ತವೆ. ರಾತ್ರಿಯಲ್ಲೂ ಫೋನ್ ಫೋಟೊ ಬೆಳ್ಳಗೆ ಬರುವುದು ಇದೇ ಕಾರಣಕ್ಕೆ.

ಹಾಗಾಗಿ ಎಡಿಟ್ ಆಗಿದೆಯೋ ಇಲ್ಲವೋ ಎನ್ನುವ ಪ್ರಶ್ನೆಯಿಂದ ನಮಗೆ ಏನೂ ಸಿಗುವುದಿಲ್ಲ. ಬೇರೆ ಪ್ರಶ್ನೆ ಬೇಕು. ಲೆನ್ಸ್ ಮುಂದೆ ಇದ್ದ ಬೆಳಕನ್ನೇ ಸರಿಮಾಡಿದ್ದಾ? ಅಥವಾ ಲೆನ್ಸ್ ಮುಂದೆ ಇಲ್ಲದ್ದನ್ನು ತಂದು ಇಟ್ಟದ್ದಾ, ಇದ್ದದ್ದನ್ನು ತೆಗೆದು ಹಾಕಿದ್ದಾ?

## ಬೆಟ್ಟದ ತುದಿಯ ಬೆಳಗು

ನಂದಿಬೆಟ್ಟದ ಎತ್ತರ 1,478 ಮೀಟರ್. ಚಳಿಗಾಲದ ಬೆಳಗಿನಲ್ಲಿ ಮೋಡ ಕಣಿವೆಯಲ್ಲಿ ಮಲಗಿರುತ್ತದೆ, ತುದಿ ಅದರ ಮೇಲಿರುತ್ತದೆ. ಸೂರ್ಯ ಹುಟ್ಟುವ ಹೊತ್ತಿಗೆ ಆಕಾಶ ಉರಿಯುತ್ತಿರುತ್ತದೆ, ಮುಂದಿನ ಬಂಡೆ ಕಪ್ಪಗಿರುತ್ತದೆ. ನಮ್ಮ ಕಣ್ಣು ಎರಡನ್ನೂ ನೋಡುತ್ತದೆ. ಕಣ್ಣು ಅತ್ತಿತ್ತ ಓಡಾಡುತ್ತಾ ಹೊಂದಿಕೊಳ್ಳುತ್ತದೆ, ಮಿದುಳು ಜೋಡಿಸುತ್ತದೆ. ಕ್ಯಾಮೆರಾಕ್ಕೆ ಒಂದು ಸಲಕ್ಕೆ ಒಂದೇ ಎಕ್ಸ್‌ಪೋಷರ್, ಅಂದರೆ ಒಳಗೆ ಬಿಡುವ ಬೆಳಕಿಗೆ ಒಂದೇ ಅಳತೆ.

ಬಂಡೆ ಕಾಣಲಿ ಎಂದು ಬೆಳಕು ಜಾಸ್ತಿ ಬಿಟ್ಟರೆ ಸೂರ್ಯನ ಸುತ್ತ ಬಿಳಿ ಮಚ್ಚೆ ಬೀಳುತ್ತದೆ. ಸೆನ್ಸರ್ ತುಂಬಿ ಹೋದ ಜಾಗ ಅದು. ತುಂಬಿದ ಬಿಂದಿಗೆಗೆ ಎಷ್ಟು ನೀರು ಹೊಯ್ದರೂ ಅಳತೆ ಅಷ್ಟೇ ಅಲ್ವಾ? ಅಲ್ಲಿ ಮಾಹಿತಿಯೇ ಇಲ್ಲ, ಯಾವ ಸಾಫ್ಟ್‌ವೇರ್ ಕೂಡ ಅದನ್ನು ವಾಪಸ್ ತರಲಾರದು. ಅದಕ್ಕೇ ಅನುಭವಿಗಳು ಹಿಸ್ಟೋಗ್ರಾಂ ನೋಡುತ್ತಾರೆ. ಚಿತ್ರದಲ್ಲಿ ಕತ್ತಲೆಷ್ಟು, ಬೆಳಕೆಷ್ಟು ಎಂದು ಎಡದಿಂದ ಬಲಕ್ಕೆ ತೋರಿಸುವ ನಕ್ಷೆ ಅದು. ಬಲತುದಿಗೆ ಅಂಟದ ಹಾಗೆ, ಆದರೆ ಅದರ ಹತ್ತಿರಕ್ಕೆ ಬರುವ ಹಾಗೆ ಎಕ್ಸ್‌ಪೋಸ್ ಮಾಡಿ, ನೆರಳನ್ನು ಆಮೇಲೆ ರಾ ಫೈಲ್‌ನಲ್ಲಿ ಎತ್ತುತ್ತಾರೆ.

ಹತ್ತಿರಕ್ಕೆ ಬರಬೇಕು ಎನ್ನುವುದಕ್ಕೂ ಕಾರಣ ಇದೆ. ಸೆನ್ಸರ್ ಬೆಳಕನ್ನು ನೇರವಾಗಿ ಎಣಿಸುತ್ತದೆ. ಬೆಳಕು ಎರಡರಷ್ಟಾದರೆ ಎಣಿಕೆಯೂ ಎರಡರಷ್ಟು. ಹಾಗಾಗಿ 16,384 ಮೆಟ್ಟಿಲಲ್ಲಿ ಅರ್ಧ, ಅಂದರೆ 8,192, ತೀರಾ ಪ್ರಕಾಶಮಾನವಾದ ಒಂದು ಸ್ಟಾಪ್‌ಗೇ (ಬೆಳಕು ಎರಡರಷ್ಟಾಗುವ ಒಂದು ಹಂತ) ಹೋಗುತ್ತದೆ. ಕತ್ತಲಿನ ಕಡೆಗೆ ಉಳಿಯುವುದು ಬೆರಳೆಣಿಕೆಯಷ್ಟು. ಕತ್ತಲಲ್ಲಿ ಬಿದ್ದ ಬೆಳಕೂ ಕಡಿಮೆ. ಅಂಥ ನೆರಳನ್ನು ಜೋರಾಗಿ ಎತ್ತಿದರೆ ಬಂಡೆಯ ಜೊತೆಗೆ ನಾಯ್ಸ್ ಕೂಡ ಎದ್ದು ಬರುತ್ತದೆ.

ಇನ್ನೊಂದು ದಾರಿ ಬ್ರಾಕೆಟಿಂಗ್. ಟ್ರೈಪಾಡ್ ಮೇಲೆ ಕ್ಯಾಮೆರಾ ಇಟ್ಟು ಕಡಿಮೆ, ಮಧ್ಯಮ, ಹೆಚ್ಚು ಬೆಳಕಿನ ಮೂರು ಚಿತ್ರ ತೆಗೆದು ಸೇರಿಸುವುದು. ಎಚ್‌ಡಿಆರ್ ಎನ್ನುವುದು ಇದನ್ನೇ. ಮಿತಿ ಮೀರಿದರೆ ಬೆಟ್ಟದ ಅಂಚಿನಲ್ಲಿ ಬಿಳಿ ಪ್ರಭಾವಳಿ ಏಳುತ್ತದೆ, ಮೋಡ ಹೊಗೆಯಂತೆ ಕಾಣುತ್ತದೆ. ಅದು ಅಭಿರುಚಿಯ ತಪ್ಪು, ಮೋಸ ಅಲ್ಲ.

ಬಣ್ಣದ ವಿಷಯಕ್ಕೆ ಬಂದರೆ ಜನರ ಅನುಮಾನ ಜಾಸ್ತಿ. ‘ಆಕಾಶ ಇಷ್ಟು ಕೇಸರಿ ಇರಲ್ಲ ಬಿಡಿ’ ಎನ್ನುತ್ತಾರೆ. ಆಟೊ ವೈಟ್ ಬ್ಯಾಲೆನ್ಸ್‌ನ ಕೆಲಸ ಬೆಳಕಿನ ಬಣ್ಣವನ್ನು ತಟಸ್ಥ ಮಾಡುವುದು. ಸೂರ್ಯೋದಯದ ಕೇಸರಿಯನ್ನೂ ಅದು ಸರಿಪಡಿಸಬೇಕಾದ ದೋಷ ಎಂದೇ ತಿಳಿದು ತಣ್ಣಗೆ ಮಾಡುವುದುಂಟು. ಹಾಗಿರುವಾಗ ಎಡಿಟಿಂಗ್‌ನಲ್ಲಿ ಕೆಲ್ವಿನ್ (ಬೆಳಕಿನ ಬಣ್ಣದ ಅಳತೆ) ಏರಿಸಿ ಬೆಚ್ಚಗೆ ಮಾಡುವವರು ಕಂಡದ್ದನ್ನು ವಾಪಸ್ ತರುತ್ತಿದ್ದಾರೆ. ಇಲ್ಲಿ ಎಡಿಟ್ ಆದ ಚಿತ್ರವೇ ನಿಜಕ್ಕೆ ಹತ್ತಿರ. ಸ್ಯಾಚುರೇಷನ್ ತುದಿಗೆ ಎಳೆದು ಬಂಡೆಯನ್ನೂ ಕುಂಕುಮ ಮಾಡಿದರೆ ಆ ಮಾತು ನಿಲ್ಲುವುದಿಲ್ಲ.

ಡಿಹೇಜ್ ಎನ್ನುವ ಸ್ಲೈಡರ್ ಬಗ್ಗೆ ಒಂದು ಎಚ್ಚರಿಕೆ. ದೂರದ ಮಬ್ಬು ಪರದೆ ಎಷ್ಟಿದೆ ಎಂದು ಅಂದಾಜು ಮಾಡಿ ಅದನ್ನು ಕಳೆಯುವ ಲೆಕ್ಕ ಇದು. ದೃಶ್ಯದ ಚಿತ್ರಕ್ಕೆ ಬಳಸಿದರೆ ಚೆಂದ. ಆದರೆ ಕಲ್ಲುಕ್ವಾರಿ ದೂಳಿನ ಬಗ್ಗೆ ದೂರು ಕೊಡಲು ತೆಗೆದ ಚಿತ್ರಕ್ಕೆ ಬಳಸಿದರೆ? ದೂರಿನ ವಿಷಯವೇ ಮಾಯ. ಅದೇ ಸ್ಲೈಡರ್ ಅನ್ನು ಹಿಂದಕ್ಕೆ ಎಳೆದರೆ ಇಲ್ಲದ ದೂಳು ಬರುತ್ತದೆ. ಬರೀ ಬಣ್ಣ, ಕಾಂಟ್ರಾಸ್ಟ್ ತಿದ್ದುವ ಸಾಧನವೂ ಅರ್ಥವನ್ನು ಬುಡಮೇಲು ಮಾಡಬಹುದು ಎನ್ನುವುದಕ್ಕೆ ಇದಕ್ಕಿಂತ ಸರಳ ಉದಾಹರಣೆ ಇಲ್ಲ.

## ಒಂದು ಕರೆಂಟ್ ವೈರ್, ಎರಡು ಅರ್ಥ

ಭೋಗನಂದೀಶ್ವರ ದೇವಸ್ಥಾನದ ಗೋಪುರಕ್ಕೆ ಅಡ್ಡವಾಗಿ ಒಂದು ಕರೆಂಟ್ ವೈರ್ ಬಂದಿದೆ ಎಂದುಕೊಳ್ಳಿ. ಕ್ಲೋನ್ ಸ್ಟಾಂಪ್ ತೆಗೆದುಕೊಂಡು, ಪಕ್ಕದ ಕಲ್ಲಿನ ತುಣುಕು ನಕಲು ಮಾಡಿ, ಎರಡು ನಿಮಿಷದಲ್ಲಿ ಅದನ್ನು ಅಳಿಸಬಹುದು. ಹೊಸ ಎಐ ಸಾಧನದಲ್ಲಿ ಎರಡು ಸೆಕೆಂಡ್ ಸಾಕು. ಆ ಚಿತ್ರ ಕ್ಯಾಲೆಂಡರ್‌ಗೆ ಹೋದರೆ ಯಾರಿಗೂ ನಷ್ಟವಿಲ್ಲ. ಹಳೆಯ ಕಟ್ಟಡದ ಈಗಿನ ಸ್ಥಿತಿ ದಾಖಲಿಸುವ ವರದಿಗೆ ಅದೇ ಚಿತ್ರ ಹೋದರೆ ಅದು ಸುಳ್ಳು ದಾಖಲೆ. ಮುಂದೆ ಯಾರಾದರೂ ಆ ಫೋಟೊ ತೋರಿಸಿ ‘ಇಲ್ಲಿ ವೈರೇ ಇರಲಿಲ್ಲ’ ಎನ್ನಬಹುದು.

ಸಾಧನ ಒಂದೇ, ಬದಲಾದ ಪಿಕ್ಸೆಲ್‌ಗಳೂ ಅವೇ. ಬದಲಾದದ್ದು ಚಿತ್ರ ಹೋದ ಜಾಗ ಮತ್ತು ನೋಡುವವರಿಗೆ ಕೊಟ್ಟ ಮಾತು. ನಿಯಮದಲ್ಲಿರುವ ‘ಸಂದರ್ಭ’ ಎನ್ನುವ ಪದಕ್ಕೆ ತೂಕ ಬರುವುದು ಇಲ್ಲಿ. ಇದನ್ನು ಯಾವ ಯಂತ್ರವೂ ಫೈಲ್ ನೋಡಿ ಹೇಳಲಾರದು.

ಈ ಜಗಳ ಕಂಪ್ಯೂಟರ್ ಜೊತೆ ಹುಟ್ಟಿದ್ದೂ ಅಲ್ಲ. 1857ರಲ್ಲೇ ಆಸ್ಕರ್ ರೈಲಾಂಡರ್ ಮೂವತ್ತಕ್ಕೂ ಹೆಚ್ಚು ನೆಗೆಟಿವ್ ಸೇರಿಸಿ ಒಂದೇ ಚಿತ್ರ ಮಾಡಿದ್ದರು. ನಮ್ಮ ಊರುಗಳ ಹಳೆಯ ಸ್ಟುಡಿಯೊಗಳಲ್ಲಿ ನೆಗೆಟಿವ್ ಮೇಲೆ ಪೆನ್ಸಿಲ್ ಆಡಿಸಿ ಮುಖದ ಕಲೆ ತೆಗೆಯುತ್ತಿದ್ದರು. ಕಪ್ಪು ಬಿಳುಪು ಚಿತ್ರಕ್ಕೆ ಕೈಯಿಂದಲೇ ಸೀರೆಯ ಬಣ್ಣ ತುಂಬುತ್ತಿದ್ದರು. ‘ಟಚಪ್’ ಎನ್ನುವ ಮಾತು ಅಲ್ಲಿಂದ ಬಂದು ಇನ್ನೂ ಉಳಿದಿದೆ.

ಸುದ್ದಿಯ ಲೋಕದಲ್ಲಿ ಮಾತ್ರ ಇದಕ್ಕೆ ದೊಡ್ಡ ಬೆಲೆ ತೆರಬೇಕಾಯಿತು. 1982ರ ಫೆಬ್ರುವರಿಯಲ್ಲಿ ನ್ಯಾಷನಲ್ ಜಿಯಾಗ್ರಫಿಕ್ ಪತ್ರಿಕೆ ಮುಖಪುಟದ ಉದ್ದಕ್ಕೆ ಹೊಂದಲಿ ಎಂದು ಈಜಿಪ್ಟಿನ ಪಿರಮಿಡ್‌ಗಳನ್ನು ಹತ್ತಿರ ಸರಿಸಿತು. ಫೋಟೊಶಾಪ್ ಬಂದದ್ದು 1990ರಲ್ಲಿ, ಅದಕ್ಕೂ 8 ವರ್ಷ ಮೊದಲೇ ನಡೆದದ್ದು ಇದು. 2006ರಲ್ಲಿ ಬೈರೂತ್ ಮೇಲಿನ ಬಾಂಬ್ ದಾಳಿಯ ಚಿತ್ರದಲ್ಲಿ ಹೊಗೆಯನ್ನು ಕ್ಲೋನ್ ಮಾಡಿ ಹೆಚ್ಚಿಸಿದ್ದು ಬಯಲಾಯಿತು. ರಾಯಿಟರ್ಸ್ ಸುದ್ದಿಸಂಸ್ಥೆ ಆ ಛಾಯಾಗ್ರಾಹಕನನ್ನು ಕೈಬಿಟ್ಟಿತು, ಅವನ 920 ಚಿತ್ರಗಳನ್ನು ಸಂಗ್ರಹದಿಂದಲೇ ತೆಗೆಯಿತು. ಹೊಗೆ ಇದ್ದದ್ದು ನಿಜವೇ. ಎಷ್ಟಿತ್ತು ಎನ್ನುವುದನ್ನು ಬದಲಾಯಿಸಿದ್ದೇ ತಪ್ಪಾಯಿತು.

## ಮಬ್ಬು ಗಡಿ

ಬೆಳಕು ತಿದ್ದುವುದು ಒಂದು ಕಡೆ, ವಸ್ತು ಸೇರಿಸುವುದು ಇನ್ನೊಂದು ಕಡೆ. ಗಡಿ ಇಷ್ಟು ಸ್ಪಷ್ಟ ಇದ್ದಿದ್ದರೆ ಯಾರೂ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಕಳೆದ ಕೆಲವು ವರ್ಷಗಳಲ್ಲಿ ಬಂದ ಸಾಧನಗಳು ಆ ಗಡಿಯ ಮೇಲೇ ಕೂತಿವೆ.

ನಾಯ್ಸ್ ತೆಗೆಯುವುದನ್ನೇ ನೋಡಿ. ಹಳೆಯ ವಿಧಾನದಲ್ಲಿ ಪಕ್ಕದ ಪಿಕ್ಸೆಲ್‌ಗಳ ಸರಾಸರಿ ತೆಗೆಯುತ್ತಿದ್ದರು. ನಾಯ್ಸ್ ಜೊತೆ ವಿವರವೂ ಸ್ವಲ್ಪ ಅಳಿಸಿ ಹೋಗುತ್ತಿತ್ತು. ಇನ್ನೊಂದು ಪ್ರಾಮಾಣಿಕ ವಿಧಾನ ಸ್ಟ್ಯಾಕಿಂಗ್. ಒಂದೇ ದೃಶ್ಯದ ಹಲವು ಫ್ರೇಮ್ ತೆಗೆದು ಸರಾಸರಿ ಮಾಡಿದರೆ ನಾಯ್ಸ್ ವರ್ಗಮೂಲದ ಲೆಕ್ಕದಲ್ಲಿ ಇಳಿಯುತ್ತದೆ. 16 ಫ್ರೇಮ್ ಸೇರಿಸಿದರೆ ನಾಯ್ಸ್ ಕಾಲು ಭಾಗಕ್ಕೆ ಬರುತ್ತದೆ. ಅಲ್ಲಿ ಊಹೆ ಇಲ್ಲ, ಅಳತೆ ಇದೆ.

ಎಐ ಡಿನಾಯ್ಸ್ ಹೀಗಲ್ಲ. ಅಸಂಖ್ಯ ಚಿತ್ರ ನೋಡಿ ಕಲಿತ ಮಾದರಿಯೊಂದು, ಇಲ್ಲಿ ಬಹುಶಃ ಹೀಗೆ ಇದ್ದಿರಬೇಕು ಎಂದು ತುಂಬುತ್ತದೆ. ಬಹಳಷ್ಟು ಸಲ ಸರಿಯಾಗಿಯೇ ತುಂಬುತ್ತದೆ. ಆದರೆ ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಜಯಮಂಗಲಿ ಕೃಷ್ಣಮೃಗ ಧಾಮದಲ್ಲಿ ಮಸುಕು ಬೆಳಕಿನಲ್ಲಿ, ದೂರದಿಂದ ಒಂದು ಹಕ್ಕಿ ತೆಗೆದಿದ್ದೀರಿ ಎಂದುಕೊಳ್ಳಿ. ಎದೆಯ ಮೇಲಿನ ಗೆರೆಗಳು ನಾಯ್ಸ್‌ನಲ್ಲಿ ಕಳೆದು ಹೋಗಿವೆ. ಮಾದರಿ ತನಗೆ ಗೊತ್ತಿರುವ ಗರಿಯ ವಿನ್ಯಾಸ ಬರೆದು ಕೊಡುತ್ತದೆ. ಜಾತಿ ಗುರುತಿಸುವುದು ಆ ಗೆರೆಗಳಿಂದಲೇ ಆದರೆ ಗುರುತು ತಪ್ಪಬಹುದು. ಆ ದಾಖಲೆ ಒಂದು ಪಟ್ಟಿಗೆ ಸೇರಿದರೆ ತಪ್ಪು ಮುಂದಕ್ಕೆ ಹರಿಯುತ್ತದೆ. ನಿಯಮದ ಕಣ್ಣಿಗೆ ಇದು ‘ನಾಯ್ಸ್ ಕಡಿಮೆ ಮಾಡುವುದು’, ಲೇಬಲ್ ಬೇಡ. ಹಕ್ಕಿ ನೋಡುವವರ ಕಣ್ಣಿಗೆ ಅದು ಬೇರೆಯದೇ ವಿಷಯ.

ಫೋನ್ ಕಂಪನಿಗಳೂ ಈ ಗಡಿಯಲ್ಲಿ ಎಡವಿವೆ. 2023ರ ಮಾರ್ಚ್‌ನಲ್ಲಿ ಸ್ಯಾಮ್‌ಸಂಗ್ ಫೋನಿನ ಚಂದ್ರನ ಫೋಟೊ ವಿವಾದವಾಯಿತು. ಒಬ್ಬರು ಚಂದ್ರನ ಚಿತ್ರವನ್ನು ಬೇಕೆಂದೇ ಮಸುಕು ಮಾಡಿ, ಪರದೆಯ ಮೇಲೆ ಹಾಕಿ, ದೂರದಿಂದ ಆ ಫೋನಿನಲ್ಲಿ ಕ್ಲಿಕ್ಕಿಸಿದರು. ಮಸುಕು ಚಿತ್ರದಲ್ಲಿ ಇಲ್ಲವೇ ಇಲ್ಲದ ಕುಳಿಗಳು ಫೋನಿನ ಫೋಟೊದಲ್ಲಿ ಬಂದವು. ಬಳಸುವವರು ಏನನ್ನೂ ಎಡಿಟ್ ಮಾಡಿರಲಿಲ್ಲ. ಫೋನೇ ಮಾಡಿತ್ತು.

ಆಕಾಶ ಬದಲಿಸುವ ಸಾಧನ ಈ ಗಡಿಯನ್ನು ದಾಟಿಯೇ ಹೋಗಿದೆ. 2020ರ ಅಕ್ಟೋಬರ್‌ನಿಂದ ಫೋಟೊಶಾಪ್‌ನಲ್ಲೇ ಅದು ಸಿಗುತ್ತದೆ. ಅದನ್ನು ಕಂಡುಹಿಡಿಯಲು ಎಷ್ಟೋ ಸಲ ನೆಲದ ಜ್ಞಾನ ಸಾಕು. ಗುಡಿಬಂಡೆ ಕೋಟೆಯ ಮೇಲೆ ಆಕಾಶಗಂಗೆಯ ಹೊಳೆಯುವ ನಡುಭಾಗ, ಕೆಳಗೆ ‘ಡಿಸೆಂಬರ್ ಕೊನೆಯ ರಾತ್ರಿ’ ಎಂಬ ಒಕ್ಕಣೆ. ಇಂಥ ಚಿತ್ರ ಕಂಡರೆ ನಿಲ್ಲಿ. ಆಕಾಶಗಂಗೆಯ ನಡುಭಾಗ ಇರುವುದು ಧನು ರಾಶಿಯ ದಿಕ್ಕಿನಲ್ಲಿ. ಆ ದಿನಗಳಲ್ಲಿ ಸೂರ್ಯನೂ ಅದೇ ದಿಕ್ಕಿನಲ್ಲಿರುತ್ತಾನೆ. ನಡುಭಾಗ ಹಗಲಿನಲ್ಲಿ ಹುಟ್ಟಿ ಹಗಲಿನಲ್ಲೇ ಮುಳುಗುತ್ತದೆ. ಅದು ಏರಿದಾಗಲೂ ನಮಗೆ ಕಾಣುವುದು ದಕ್ಷಿಣಕ್ಕೆ. ಗುಡಿಬಂಡೆಯಿಂದ ದಕ್ಷಿಣಕ್ಕೆ ಇರುವುದು ಬೆಂಗಳೂರಿನ ದೀಪದ ಬೆಳಕು.

## ಯಾರು ಏನು ಹೇಳುತ್ತಾರೆ

ದೃಶ್ಯ ತೆಗೆಯುವವರಲ್ಲಿ ಬಹಳ ಜನರ ವಾದ ಹೀಗಿದೆ: ಇದು ಕಲೆ, ವರದಿ ಅಲ್ಲ. ಚಿತ್ರ ಬರೆಯುವವರಿಗೆ ‘ಈ ಮರ ಅಲ್ಲಿತ್ತಾ’ ಎಂದು ಯಾರೂ ಕೇಳುವುದಿಲ್ಲ, ನಮ್ಮನ್ನು ಯಾಕೆ ಕೇಳುತ್ತೀರಿ? ಈ ವಾದದಲ್ಲಿ ಹುರುಳಿದೆ. ಆದರೆ ಫೋಟೊಗೆ ಜನ ಕೊಡುವ ನಂಬಿಕೆಯೇ ಬೇರೆ. ಸ್ಕಂದಗಿರಿಯ ಮೋಡದ ಸಮುದ್ರದ ಚಿತ್ರ ನೋಡಿ ಜನ ಗಾಡಿ ಹತ್ತಿ ಹೊರಡುತ್ತಾರೆ. ಬೇರೆಲ್ಲಿಯದೋ ಮೋಡ ತಂದು ಅಂಟಿಸಿದ್ದರೆ ಆ ನಂಬಿಕೆಯನ್ನು ಬಳಸಿಕೊಂಡ ಹಾಗೆ ಆಗುತ್ತದೆ. ‘ಎರಡು ಚಿತ್ರ ಸೇರಿಸಿದ್ದು’ ಎಂದು ಬರೆದರೆ ಕಲೆಗೆ ಏನೂ ಕುಂದಿಲ್ಲ.

ಸುದ್ದಿ ಮತ್ತು ವನ್ಯಜೀವಿ ಛಾಯಾಗ್ರಾಹಕರು ಇದಕ್ಕೆ ಎದುರು ತುದಿಯಲ್ಲಿದ್ದಾರೆ. ಅಸೋಸಿಯೇಟೆಡ್ ಪ್ರೆಸ್ ಕಣ್ಣಿನ ಕೆಂಪು ತೆಗೆಯುವುದಕ್ಕೂ ಒಪ್ಪುವುದಿಲ್ಲ. ವನ್ಯಜೀವಿ ಸ್ಪರ್ಧೆಗಳು ಬೆಳಕು, ಬಣ್ಣದ ಮಿತ ತಿದ್ದುಪಡಿ, ಕ್ರಾಪ್, ಸೆನ್ಸರ್ ದೂಳಿನ ಚುಕ್ಕೆ ತೆಗೆಯುವುದು ಇಷ್ಟಕ್ಕೆ ಬಿಡುತ್ತವೆ. ಒಂದು ಹುಲ್ಲುಕಡ್ಡಿ ಅಳಿಸಿದರೂ ಹೊರಗೆ. 2015ರ ವರ್ಲ್ಡ್ ಪ್ರೆಸ್ ಫೋಟೊ ಸ್ಪರ್ಧೆಯಲ್ಲಿ ಕೊನೆಯ ಹಿಂದಿನ ಸುತ್ತಿಗೆ ಬಂದ ಚಿತ್ರಗಳಲ್ಲಿ ಸುಮಾರು 20 ಶೇಕಡಾ ಮೂಲ ಫೈಲ್ ಪರೀಕ್ಷೆಯಲ್ಲಿ ಬಿದ್ದು ಹೋದವು. ಅದೇ ವರ್ಷ ರಾಯಿಟರ್ಸ್ ತನ್ನ ಫ್ರೀಲಾನ್ಸ್ ಛಾಯಾಗ್ರಾಹಕರಿಗೆ ರಾ ಫೈಲ್‌ನಿಂದ ಮಾಡಿದ ಚಿತ್ರ ಬೇಡ, ಕ್ಯಾಮೆರಾ ಕೊಟ್ಟ ಜೆಪೆಗ್ ಕಳಿಸಿ ಎಂದಿತು. ಒಬ್ಬರು ರಾ ಫೈಲ್ ತೋರಿಸಿ ಎನ್ನುತ್ತಾರೆ, ಇನ್ನೊಬ್ಬರು ಅದನ್ನು ಮುಟ್ಟಲೇಬೇಡಿ ಎನ್ನುತ್ತಾರೆ. ಗುರಿ ಒಂದೇ, ದಾರಿ ತದ್ವಿರುದ್ಧ.

ಈ ಎರಡರ ನಡುವೆ ಸ್ಟುಡಿಯೊಗಳಿವೆ. ತುಮಕೂರು, ಕೋಲಾರ, ಚಿಂತಾಮಣಿಯ ಸ್ಟುಡಿಯೊಗಳಿಗೆ ಗಿರಾಕಿ ಹೇಳಿದ್ದೇ ನಿಯಮ. ಗಲ್ಲ ತೆಳ್ಳಗೆ ಮಾಡಿ, ಬಣ್ಣ ಬೆಳ್ಳಗೆ ಮಾಡಿ, ಮದುವೆಗೆ ಬಾರದ ಅಣ್ಣನನ್ನು ಗ್ರೂಪ್ ಫೋಟೊದಲ್ಲಿ ಸೇರಿಸಿ. ಆಲ್ಬಂ ಮನೆಯಲ್ಲೇ ಇದ್ದರೆ ಈ ನಿಯಮಕ್ಕೂ ಅದಕ್ಕೂ ಸಂಬಂಧವಿಲ್ಲ. ಅದೇ ಚಿತ್ರ ಸ್ಟುಡಿಯೊದ ಇನ್‌ಸ್ಟಾಗ್ರಾಂ ಪುಟಕ್ಕೆ ಹೋದ ಕೂಡಲೇ ಪ್ರಶ್ನೆ ಏಳುತ್ತದೆ. ಬಾರದ ಅಣ್ಣ ಬಂದ ಹಾಗೆ ತೋರಿಸುವುದು ಒಬ್ಬ ವ್ಯಕ್ತಿಯ, ಒಂದು ಘಟನೆಯ ಸುಳ್ಳು ಚಿತ್ರ. ಮೊಡವೆ ತೆಗೆದದ್ದು ಅಲ್ಲ. ಮೈಬಣ್ಣ ಬೆಳ್ಳಗೆ ಮಾಡುವುದಕ್ಕೆ ನಿಯಮದ ಅಡ್ಡಿ ಬಹುಶಃ ಇಲ್ಲ. ಆದರೂ ಕೇಳದಿದ್ದರೂ ಅದನ್ನು ಮಾಡುವ ಅಭ್ಯಾಸ ಬಿಡಬೇಕು. ಮದುಮಗಳ ಸ್ವಂತ ಬಣ್ಣ ತಾಂತ್ರಿಕ ದೋಷ ಅಲ್ಲ.

## ಲೇಬಲ್ ಹಾಕುವ ಯಂತ್ರ ಎಡವಿದಾಗ

ದೊಡ್ಡ ಸಾಮಾಜಿಕ ಜಾಲತಾಣಗಳು, ಅಂದರೆ 50 ಲಕ್ಷಕ್ಕಿಂತ ಹೆಚ್ಚು ಬಳಕೆದಾರರು ಇರುವಂಥವು, ಇನ್ನು ಮುಂದೆ ಚಿತ್ರ ಹಾಕುವವರನ್ನು ‘ಇದು ಕೃತಕವೇ’ ಎಂದು ಕೇಳಬೇಕು. ಕೇಳಿದರೆ ಸಾಲದು, ತಾಂತ್ರಿಕವಾಗಿ ಪರೀಕ್ಷಿಸಲೂ ಬೇಕು. ಕೋಟಿಗಟ್ಟಲೆ ಚಿತ್ರಗಳನ್ನು ಮನುಷ್ಯರು ನೋಡಲು ಆಗುವುದಿಲ್ಲ. ಆ ಕೆಲಸ ಯಂತ್ರದ ಪಾಲು.

ಯಂತ್ರ ಹೇಗೆ ಎಡವುತ್ತದೆ ಎಂದು ಈಗಾಗಲೇ ನೋಡಿದ್ದೇವೆ. 2024ರಲ್ಲಿ ಮೆಟಾ ಕಂಪನಿ ಫೇಸ್‌ಬುಕ್, ಇನ್‌ಸ್ಟಾಗ್ರಾಂ ಚಿತ್ರಗಳಿಗೆ ‘ಎಐನಿಂದ ಮಾಡಿದ್ದು’ ಎಂಬ ಲೇಬಲ್ ಶುರು ಮಾಡಿತು. ಕ್ಯಾಮೆರಾದಲ್ಲೇ ತೆಗೆದ ಅಸಲಿ ಫೋಟೊಗಳಿಗೂ ಅದು ಅಂಟಿಕೊಂಡಿತು. ಫೈಲ್ ಒಳಗೆ ಮೆಟಾಡೇಟಾ ಎನ್ನುವ ಅಡಗಿದ ಟಿಪ್ಪಣಿ ಇರುತ್ತದೆ. ಫೋಟೊಶಾಪ್‌ನ ಎಐ ಸಾಧನದಿಂದ ಒಂದು ಸಣ್ಣ ಚುಕ್ಕೆ ತೆಗೆದರೂ ಅದರಲ್ಲಿ ‘ಎಐ ಬಳಸಲಾಗಿದೆ’ ಎಂದು ದಾಖಲಾಗಬಹುದು. ಲೇಬಲ್ ಯಂತ್ರ ಓದುತ್ತಿದ್ದದ್ದು ಆ ಟಿಪ್ಪಣಿಯನ್ನು. ಚುಕ್ಕೆ ತೆಗೆದದ್ದಕ್ಕೂ ಇಡೀ ಚಿತ್ರ ಹುಟ್ಟಿಸಿದ್ದಕ್ಕೂ ಅದಕ್ಕೆ ವ್ಯತ್ಯಾಸ ತಿಳಿಯಲಿಲ್ಲ. ಛಾಯಾಗ್ರಾಹಕರು ಗಲಾಟೆ ಮಾಡಿದರು. ಜುಲೈ ಹೊತ್ತಿಗೆ ಕಂಪನಿ ಮಾತನ್ನು ‘ಎಐ ಮಾಹಿತಿ’ ಎಂದು ಮೆದು ಮಾಡಿತು.

ಮೋಸ ಮಾಡುವವರಿಗೆ ಈ ಟಿಪ್ಪಣಿ ತೊಂದರೆಯೇ ಅಲ್ಲ. ಸ್ಕ್ರೀನ್‌ಶಾಟ್ ತೆಗೆದರೆ ಅದು ಹೋಗುತ್ತದೆ. ಲೇಬಲ್ ಅಥವಾ ಗುರುತನ್ನು ಕಿತ್ತು ಹಾಕಲು ಜಾಲತಾಣಗಳು ಅವಕಾಶ ಕೊಡಬಾರದು ಎಂದು ಹೊಸ ನಿಯಮ ಹೇಳುತ್ತದೆ ನಿಜ. ಆದರೆ ಕೀಳುವ ಕೆಲಸ ಜಾಲತಾಣಕ್ಕೆ ಬರುವ ಮೊದಲೇ ಮುಗಿದಿರುತ್ತದೆ. ಫಲ ಏನು? ಪ್ರಾಮಾಣಿಕವಾಗಿ ಕೆಲಸ ಮಾಡಿದವರ ಚಿತ್ರಕ್ಕೆ ಲೇಬಲ್, ಸುಳ್ಳು ಚಿತ್ರ ಬರಿಗೈಯಲ್ಲಿ ಪಾರು. ಇನ್ನೂ ದೊಡ್ಡ ಅಪಾಯ ಓದುಗರದ್ದು. ಕೆಲವು ಚಿತ್ರಕ್ಕೆ ಲೇಬಲ್ ನೋಡಿ ಅಭ್ಯಾಸವಾದ ಮೇಲೆ, ಲೇಬಲ್ ಇಲ್ಲದ್ದೆಲ್ಲ ನಿಜ ಎಂದು ಜನ ನಂಬತೊಡಗುತ್ತಾರೆ.

ಇದಕ್ಕೆ ಪ್ರತಿಯಾಗಿ ಇನ್ನೊಂದು ದಾರಿಯೂ ಬೆಳೆಯುತ್ತಿದೆ. ಸುಳ್ಳನ್ನು ಹಿಡಿಯುವ ಬದಲು ನಿಜಕ್ಕೆ ಹುಟ್ಟಿದ ದಿನವೇ ಮೊಹರು ಹಾಕುವುದು. ಸಿ2ಪಿಎ ಎಂಬ ಒಕ್ಕೂಟ 2021ರಿಂದ ಇದರ ಮಾನದಂಡ ರೂಪಿಸುತ್ತಿದೆ. ಕ್ಲಿಕ್ಕಿಸಿದಾಗಲೇ ಕ್ಯಾಮೆರಾ ಡಿಜಿಟಲ್ ಸಹಿ ಹಾಕುತ್ತದೆ, ಮುಂದಿನ ಪ್ರತಿ ಎಡಿಟ್ ಅದರ ಜೊತೆ ದಾಖಲಾಗುತ್ತದೆ. 2023ರ ಅಕ್ಟೋಬರ್‌ನಲ್ಲಿ ಬಂದ ಲೈಕಾ ಎಂ11-ಪಿ ಈ ಸೌಲಭ್ಯ ಇರುವ ಮೊದಲ ಕ್ಯಾಮೆರಾ. ದಾರಿ ಸರಿಯಾಗಿದೆ. ಆದರೆ ಅಂಥ ಕ್ಯಾಮೆರಾ ಶಿರಾದ, ಮಾಲೂರಿನ ಸಣ್ಣ ಸ್ಟುಡಿಯೊಗಳ ಕೈಗೆ ಬರಲು ಸಮಯ ಬೇಕು.

## ಹೊಲದಿಂದ ನ್ಯಾಯಾಲಯದವರೆಗೆ

ಫೋಟೊ ಎಂದರೆ ಬೆಟ್ಟ, ಮದುವೆ ಮಾತ್ರ ಅಲ್ಲ. ಬೆಳೆ ಸಮೀಕ್ಷೆಗೆ ರೈತರು ಆ್ಯಪ್‌ನಲ್ಲಿ ಹೊಲದ ಚಿತ್ರ ತೆಗೆದು ಕಳಿಸುತ್ತಾರೆ. ಕೋಲಾರದಲ್ಲಿ ಟೊಮೆಟೊ ಎಲೆಗೆ ರೋಗ ಬಂದರೆ ವಾಟ್ಸ್ಆ್ಯಪ್‌ನಲ್ಲಿ ಫೋಟೊ ಕಳಿಸಿ ಔಷಧಿ ಕೇಳುವುದು ಸಾಮಾನ್ಯ. ಇಲ್ಲಿ ಯಾರೂ ಮೋಸ ಮಾಡುತ್ತಿಲ್ಲ. ಆದರೂ ಚಿತ್ರ ಬದಲಾಗಿರುತ್ತದೆ. ಫೋನು ಹಸಿರನ್ನು ಇನ್ನಷ್ಟು ಹಸಿರು ಮಾಡಿ ತೋರಿಸಬಹುದು. ಎಲೆ ಹಳದಿಗೆ ತಿರುಗಿದ್ದೇ ರೋಗದ ಮೊದಲ ಗುರುತಾಗಿದ್ದರೆ, ಆ ಗುರುತೇ ಮಂಕಾಗುತ್ತದೆ. ವಾಟ್ಸ್ಆ್ಯಪ್ ಚಿತ್ರವನ್ನು ಕುಗ್ಗಿಸಿ ಕಳಿಸುವಾಗ ಸಣ್ಣ ಚುಕ್ಕೆಗಳು ಕಲಸಿ ಹೋಗುತ್ತವೆ, ದಿನಾಂಕ ಮತ್ತು ಜಾಗದ ಟಿಪ್ಪಣಿಯೂ ಬಿದ್ದು ಹೋಗುತ್ತದೆ. ಪರಿಹಾರ ಸುಲಭ. ಫೋಟೊವನ್ನು ‘ಡಾಕ್ಯುಮೆಂಟ್’ ಆಗಿ ಕಳಿಸಿದರೆ ಮೂಲ ಫೈಲ್ ಹಾಗೇ ಹೋಗುತ್ತದೆ. ಫಿಲ್ಟರ್ ಹಾಕದೆ, ನೆರಳಿನಲ್ಲಿ, ಎಲೆಯ ಪಕ್ಕ ಒಂದು ಬಿಳಿ ಕಾಗದ ಇಟ್ಟು ತೆಗೆದರೆ ಇನ್ನೂ ಒಳ್ಳೆಯದು. ನೋಡುವವರಿಗೆ ಬಿಳಿ ಯಾವುದು ಎಂದು ತಿಳಿದರೆ ಹಳದಿ ಯಾವುದು ಎಂದೂ ತಿಳಿಯುತ್ತದೆ.

ಜಮೀನಿನ ಗಡಿ, ಅಪಘಾತ, ಗೋಡೆ ಬಿರುಕು ಇಂಥ ವಿಷಯದ ಚಿತ್ರ ನ್ಯಾಯಾಲಯಕ್ಕೆ ಹೋದರೆ ಬಿಗಿ ಹೆಚ್ಚು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಪ್ರಕಾರ, ಡಿಜಿಟಲ್ ದಾಖಲೆಯ ಜೊತೆ ಪ್ರಮಾಣಪತ್ರ ಬೇಕು. ಅದರಲ್ಲಿ ಫೈಲಿನ ಹ್ಯಾಶ್ ಮೌಲ್ಯ ಬರೆಯಬೇಕು. ಹ್ಯಾಶ್ ಎಂದರೆ ಫೈಲಿನ ಬೆರಳಚ್ಚು ಇದ್ದ ಹಾಗೆ. ಒಂದೇ ಒಂದು ಪಿಕ್ಸೆಲ್ ಬದಲಾದರೂ, ಅಷ್ಟೇಕೆ, ಬ್ರೈಟ್‌ನೆಸ್ ಒಂದು ಚೂರು ಏರಿಸಿ ಸೇವ್ ಮಾಡಿದರೂ ಅದು ಪೂರ್ತಿ ಬೇರೆಯಾಗುತ್ತದೆ. ಲೇಬಲ್ ನಿಯಮ ಕ್ಷಮಿಸುವ ತಿದ್ದುಪಡಿಯನ್ನು ಹ್ಯಾಶ್ ಕ್ಷಮಿಸುವುದಿಲ್ಲ. ಎರಡು ನಿಯಮಗಳ ಉದ್ದೇಶವೇ ಬೇರೆ.

ಹಾಗಾಗಿ ಮೂಲ ಫೈಲ್ ಉಳಿಸಿಕೊಳ್ಳುವುದು ಇನ್ನು ಮುಂದೆ ಹವ್ಯಾಸದ ವಿಷಯ ಅಲ್ಲ. ಲೈಟ್‌ರೂಮ್‌ನಂಥ ಸಾಫ್ಟ್‌ವೇರ್ ಮೂಲ ಫೈಲನ್ನು ಮುಟ್ಟುವುದಿಲ್ಲ, ಮಾಡಿದ ಬದಲಾವಣೆಗಳ ಪಟ್ಟಿಯನ್ನು ಮಾತ್ರ ಬೇರೆಯಾಗಿ ಇಡುತ್ತದೆ. ಫೋಟೊಶಾಪ್‌ನಲ್ಲಿ ಬೇರೆ ಲೇಯರ್ ಮೇಲೆ ಕೆಲಸ ಮಾಡಿದರೂ ಅದೇ ಅನುಕೂಲ. ಯಾರಾದರೂ ಅನುಮಾನ ಪಟ್ಟರೆ ಮೊದಲು ಹೇಗಿತ್ತು, ಆಮೇಲೆ ಏನು ಮಾಡಿದೆವು ಎಂದು ತೋರಿಸಬಹುದು. ಯಂತ್ರ ತಪ್ಪಾಗಿ ಲೇಬಲ್ ಹಾಕಿದಾಗ, ಸ್ಪರ್ಧೆಯವರು ರಾ ಫೈಲ್ ಕೇಳಿದಾಗ, ವಕೀಲರು ಮೂಲ ಕೇಳಿದಾಗ ಕೈಯಲ್ಲಿ ಇರಬೇಕಾದದ್ದು ಅದೊಂದೇ. ಮದುವೆ ಸೀಸನ್‌ನಲ್ಲಿ ಒಂದು ಕಾರ್ಡ್ ತುಂಬಿದ ಕೂಡಲೇ ಫಾರ್ಮ್ಯಾಟ್ ಮಾಡಿ ಮುಂದಿನ ಛತ್ರಕ್ಕೆ ಓಡುವ ಸ್ಟುಡಿಯೊಗಳಿಗೆ ಇದು ಹೆಚ್ಚುವರಿ ಖರ್ಚು, ಹೆಚ್ಚುವರಿ ಕೆಲಸ. ಹಾರ್ಡ್ ಡಿಸ್ಕ್ ಖರ್ಚನ್ನು ಆಲ್ಬಂ ದರದಲ್ಲೇ ಸೇರಿಸಿ, ರಾ ಫೈಲ್ ಎಷ್ಟು ತಿಂಗಳು ಇಡುತ್ತೇವೆ ಎನ್ನುವುದನ್ನು ಮುಂಗಡದ ರಸೀದಿಯಲ್ಲೇ ಬರೆದು ಕೊಡುವುದು ಈಗಲೇ ಶುರುವಾದರೆ ಒಳ್ಳೆಯದು.